ಬಾಳೂನ್ನ ಮಾರ್ತೇನಿ

ಒಂದಾನೊಂದು ಊರಾಗ ಒಬ್ಬ ರಾಜ ಇದ್ದ. ಅಂವನ ಊರಿಗೆ ಒಂದೇ ಅಗಸಿ ಬಾಗಿಲು. ಅಗಸ್ಯಾಗ ಒಬ್ಬ ಕಾವಲುಗಾರ. ಕಾಳು ಕಡಿ, ದನ ಕರ ಏನ ಬಂದ್ರೂ ಅಂವಾ ಕಣ್ಣೆತ್ತಿ ನೋಡಾಂವಲ್ಲ. ಮಾತು ಬಂತಂದ್ರ ಮಾತ್ರ ತಡದು ನಿಲ್ಲಸಾಂವ. ಚಲೋ ಮಾತಿಗೆ ಅಗಸಿ ತಗೀತಿದ್ದ, ಕೆಟ್ಟ ಮಾತನ್ನ ಕಂದಕಕ್ಕ ಒಗೀತಿದ್ದ. ಹಿಂಗ ಹನ್ನೆರಡು ವರ್ಷ ಆತು. ಒಂದಿನ ಒಬ್ಬ ಮುದುಕಿ ತಲಿ ಮ್ಯಾಲ ಬುಟ್ಟಿ ಹೊತಗೊಂಡು ಬಂದ್ಲು. ‘ಬುಟ್ಯಾಗ ಏನೈತಿ?’ ಅಂದ. ‘ಒಂದು ಮಾತೈತೋ ಯಪ್ಪಾ’ ಅಂದ್ಲು. ಕಾವಲುಗಾರ ಮುಚ್ಚಳಕ್ಕ ಕೈ ಹಾಕಿದ...

ಕತೆ ಇಲ್ಲಿಗೆ ನಿಂತಿತ್ತು. ಹೇಳುತ್ತಿದ್ದವಳು ಯಲ್ಲವ್ವ. ಗೋವೆಯ ಸಾಂಕೋಲೆ ಊರಿನ ಕಾರ್ಖಾನೆಗಳ ಬೆನ್ನಿಗಿರುವ ತಗಡಿನ ಮನೆಗಳ ಸಾಲಿನಲ್ಲಿ ಜೋಳದ ರೊಟ್ಟಿ ಬಡಿದು ಮಾರುವವಳು. ದಿನಾ ಮುಂಜಾನೆ ಒಂದು ಕೈಯಲ್ಲಿ ರೊಟ್ಟಿ ಬಡಿಯುತ್ತ, ಗೋಡೆಗೆ ಒರಗಿಸಿದ ಫೋನಿಗೆ ಕತೆ ಹೇಳುತ್ತಿದ್ದಳು. ಅದು ‘ಹರಟಿಕಟ್ಟಿ’ ಎಂಬ ಆಪಿನಲ್ಲಿ ಗೋವೆಯ ತುಂಬ ಕೇಳುತ್ತಿತ್ತು. ಸೆಂಟ್ರಿಂಗ್ ಕಟ್ಟುವವರು, ಲಾರಿ ಓಡಿಸುವವರು, ವಿಮಾನ ನಿಲ್ದಾಣದಲ್ಲಿ ನೆಲ ಒರೆಸುವವರು, ಒಟ್ಟು ಹನ್ನೊಂದು ಸಾವಿರ ಮಂದಿ. ಕತೆ ಕೇಳಿದವರೇ ರೊಟ್ಟಿ ಒಯ್ಯುತ್ತಿದ್ದರು.

2025ರ ಫೆಬ್ರವರಿ 4, ಮಂಗಳವಾರ, ಬೆಳಿಗ್ಗೆ 9.20ಕ್ಕೆ ಆ ಸರಹದ್ದಿನ ಠಾಣೆಗೆ ದೂರು ಬಂತು. ದೂರುದಾರ ಹರಟಿಕಟ್ಟಿ ಆಪಿನ ಮಾಲೀಕ ಬಾಳು, ವಯಸ್ಸು ಮೂವತ್ತೊಂದು. ಬೂಟಿನ ದಾರ ಕಟ್ಟಿಕೊಳ್ಳುವ ಪುರಸೊತ್ತೂ ಇಲ್ಲದೆ ಓಡಿ ಬಂದಿದ್ದ. ಯಾರೋ ಹೆಸರಿಲ್ಲದವರು ಅವನ ಕಂಪನಿಯ ದೂರುಪೆಟ್ಟಿಗೆಗೆ ಆರು ಸೆಕೆಂಡಿನ ಧ್ವನಿ ತುಣುಕು ಕಳಿಸಿದ್ದರು. ಅದರಲ್ಲಿ ಯಲ್ಲವ್ವನ ದನಿ ಸ್ಪಷ್ಟವಾಗಿ ಹೇಳಿತ್ತು: “ಐತವಾರ ಬಾಳೂನ್ನ ಮಾರ್ತೇನಿ.”

ಬಾಳುವಿನ ಅಪ್ಪ ಬಾದಾಮಿ ಕಡೆಯವನು. ಆದರೆ ಬಾಳು ಹುಟ್ಟಿದ್ದು, ಓದಿದ್ದು ವಾಸ್ಕೋದಲ್ಲಿ. ಅವನ ಕನ್ನಡ ಅಪ್ಪನ ಜೊತೆಗೇ ಮುಗಿದಿತ್ತು. ಕೊಂಕಣಿಯಲ್ಲಾಗಲಿ ಹಿಂದಿಯಲ್ಲಾಗಲಿ ‘ಮಾರ್’ ಎಂದರೆ ಹೊಡೆ, ಕೊಲ್ಲು. ಇನ್‌ಸ್ಪೆಕ್ಟರ್ ಕಾಯ್ತಾನ್ ಫುರ್ತಾದ್ ಕೂಡ ತುಣುಕನ್ನು ಎರಡು ಸಲ ಕೇಳಿ ಗಂಭೀರರಾದರು. ಠಾಣೆಯಲ್ಲಿ ಕನ್ನಡ ಬಲ್ಲ ಒಬ್ಬಳೇ ಕಾನ್‌ಸ್ಟೇಬಲ್ ಗೀತಾಂಜಲಿ ಅಂದು ಕೋರ್ಟ್ ಡ್ಯೂಟಿಗೆ ಹೋಗಿದ್ದಳು. 10.05ಕ್ಕೆ ಎಫ್‌ಐಆರ್ ಆಯಿತು: ಜೀವಬೆದರಿಕೆ. 11.00ಕ್ಕೆ ಯಲ್ಲವ್ವನನ್ನು ರೊಟ್ಟಿಬುಟ್ಟಿಯ ಸಮೇತ ಕರೆತಂದರು. ಫೋನು ಜಪ್ತಿಯಾಯಿತು. ಹರಟಿಕಟ್ಟಿಯಲ್ಲಿ ಅವಳ ಖಾತೆಗೆ ಬೀಗ ಬಿತ್ತು. 11.40ಕ್ಕೆ, ಅವಳ ಸಂತೆಯ ಹಿಂದಿಯನ್ನೇ ನಂಬಿಕೊಂಡು, ಹವಾಲ್ದಾರ ಹೇಳಿಕೆ ಬರೆದುಕೊಂಡ.

ಪ್ರಶ್ನೆ: ಬಾಳೂಕ್ ಮಾರ್ತಾ?

ಉತ್ತರ: ಹೌದು. ಮಾರ್ತೇನಿ.

ಪ್ರಶ್ನೆ: ಏಕೆ?

ಉತ್ತರ: ತಿಂದು ತಿಂದು ಕೊಬ್ಬಿದ್ದಾನೆ. ಓಣಿಯಲ್ಲಿ ಮೂರು ಮಂದಿಯನ್ನು ಕೆಡವಿದ್ದಾನೆ.

ಪ್ರಶ್ನೆ: ಎಲ್ಲಿ?

ಉತ್ತರ: ಸಂತೆಯಲ್ಲಿ. ಎಲ್ಲರ ಎದುರಿಗೆ.

ಪ್ರಶ್ನೆ: ಒಬ್ಬಳೇ?

ಉತ್ತರ: ಇಲ್ಲ. ಹಿಡಿದುಕೊಳ್ಳಲು ಇಬ್ಬರು ಗಂಡಸರು ಬರುತ್ತಾರೆ.

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇಷ್ಟು ಅಚ್ಚುಕಟ್ಟಾದ ತಪ್ಪೊಪ್ಪಿಗೆ ಫುರ್ತಾದ್ ನೋಡಿರಲಿಲ್ಲ. ಕಡತ ಮುಚ್ಚಿ ಮೀನೂಟಕ್ಕೆ ಹೊರಟರು.

ಮಧ್ಯಾಹ್ನ 2.30ಕ್ಕೆ ಗೀತಾಂಜಲಿ ಬಂದಳು. ಇಪ್ಪತ್ತಾರರ ಹುಡುಗಿ, ಅಪ್ಪ ಅವ್ವ ಪಾಳಿ ಕೆಲಸಕ್ಕೆ ಹೋದರೆ ಅಜ್ಜಿಯ ಕತೆಗಳನ್ನೇ ಹೊದ್ದು ಮಲಗಿ ಬೆಳೆದವಳು. ಅವಳು ಬರೆದ ಪಂಚನಾಮೆಗಳಲ್ಲಿ ‘ಹೊಂಬಿಸಿಲು’, ‘ಮುನಿಸಿಕೊಂಡಂತಿದ್ದ ಬಾಗಿಲು’ ಎಂಬಂಥ ಮಾತುಗಳಿರುತ್ತಿದ್ದವು. ಇನ್‌ಸ್ಪೆಕ್ಟರ್ ಅವನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕುತ್ತಿದ್ದರು. ಹೇಳಿಕೆಯನ್ನು ಓದಿದ ಗೀತಾಂಜಲಿ ನೇರ ಯಲ್ಲವ್ವನ ಬೆಂಚಿಗೆ ಹೋಗಿ ಕೂತಳು. ಬುಟ್ಟಿಯ ಕತೆಯ ಹನ್ನೊಂದು ಸಾವಿರ ಮಂದಿಯಲ್ಲಿ ಅವಳೂ ಒಬ್ಬಳು.

“ಯವ್ವಾ, ಯಾವ ಬಾಳೂನ್ನ ಮಾರ್ತಿ?”

“ನನ್ನ ಟಗರು, ತಂಗಿ. ಮತ್ಯಾರನ್ನ ಮಾರ್ಲಿ? ಗಂಡನ್ನ ಮಾರೂಣಂದ್ರ ಅಂವಾ ಹೋಗಿ ಹತ್ತು ವರ್ಷ ಆತು, ಇದ್ದಾಗೂ ಯಾರೂ ಕೊಳ್ತಿದ್ದಿಲ್ಲ ಬಿಡು.”

ಗೀತಾಂಜಲಿ ಹಣೆ ಹಿಡಿದುಕೊಂಡಳು. ಯಲ್ಲವ್ವ ಅವಳ ಮೊಣಕೈ ಹಿಡಿದಳು.

“ಟಗರಿನ ಮಾತು ಹಾಳಾಗ್ಲಿ. ಐತವಾರ ಕತಿ ಮುಗಸ್ತೇನಿ ಅಂತ ಮಂದೀಗೆ ಮಾತ ಕೊಟ್ಟೇನಿ. ನಡುವ ನಿಂತ ಕತಿ ಹೇಳಿದಾಕಿ ಗಂಟಲಾಗ ಕುಂತಿರತೈತಿ. ಮುಂಜಾನಿಯಿಂದ ನೀರೂ ಇಳಿಯವಲ್ದು. ನನ್ನ ಫೋನು, ನನ್ನ ದನಿ ನನಗ ಕೊಡಸ್ತಿಯೇನು?”

“ಐತವಾರ ಹೊತ್ತು ಮುಳುಗೂದ್ರಾಗ ಕೊಡಸ್ತೇನಿ, ಯವ್ವಾ.”

ಹೇಳಿದ ಮೇಲೆ ಗೀತಾಂಜಲಿಗೆ ಭಯವಾಯಿತು; ಭಾನುವಾರಕ್ಕೆ ಐದೇ ದಿನ. ಪೊಲೀಸರು ಹಾಗೆಲ್ಲ ಮಾತು ಕೊಡಬಾರದು.

ಗೀತಾಂಜಲಿಯಿಂದ ಅರ್ಥ ತಿಳಿದ ಫುರ್ತಾದ್ ಮುಚ್ಚಿದ್ದ ಕಡತವನ್ನು ಮತ್ತೆ ಬಿಚ್ಚಿದರು. ಯಲ್ಲವ್ವನನ್ನು ಮನೆಗೆ ಕಳಿಸಿದರು. ಆದರೆ ಎಫ್‌ಐಆರ್ ಆಗಿದೆ, ಮೇಲಿನವರಿಗೆ ವರದಿ ಹೋಗಿದೆ. ಟಗರು ಇದೆ ಎಂಬುದೂ ಕಾಗದದಲ್ಲಿ ಬರಬೇಕು. ಬುಧವಾರ ಬೆಳಿಗ್ಗೆ 8.15ಕ್ಕೆ ದೂರುದಾರನ ಸಮಕ್ಷಮ ಟಗರಿನ ಪಂಚನಾಮೆ ನಡೆಯಿತು. ಬಣ್ಣ ಕಂದು, ವಯಸ್ಸು ಮೂರು, ಕೊಂಬು ಎರಡು. ‘ಕಣ್ಣಿನಲ್ಲಿ ತತ್ವಜ್ಞಾನಿಯ ನೋಟ’ ಎಂದು ಗೀತಾಂಜಲಿ ಬರೆದದ್ದು ಸ್ಥಳದಲ್ಲೇ ಹೊಡೆದುಹಾಕಲ್ಪಟ್ಟಿತು.

“ಹೆಸರು ಕರೆದು ನೋಡು,” ಎಂದರು ಇನ್‌ಸ್ಪೆಕ್ಟರ್.

“ಬಾಳೂ!” ಎಂದು ಯಲ್ಲವ್ವ ಕೂಗಿದಳು.

ಟಗರು ತಿರುಗಿ ನೋಡಿತು. ದೂರುದಾರನೂ ತಿರುಗಿ ನೋಡಿದ. ಪಂಚರಿಬ್ಬರು ನಗು ತಡೆಯಲು ಕೆಮ್ಮಿದರು. ಅಷ್ಟರಲ್ಲಿ ಟಗರು ಪಂಚನಾಮೆಯ ಕಾರ್ಬನ್ ಪ್ರತಿಯ ಒಂದು ಮೂಲೆ ತಿಂದಿತು.

“ಇದಕ್ಕ ನನ್ನ ಹೆಸರ ಯಾಕ ಇಟ್ಟಿ?” ಎಂದ ಬಾಳು, ಹರಿದ ಕನ್ನಡದಲ್ಲಿ.

“ಇದು ನನ್ನ ಕಾಗದ ಪತ್ರ ಮೇಯ್ತೈತಿ, ನೀ ನನ್ನ ಮಾತು ಮೇಯ್ತಿ. ಮನ್ನೆ ಮೊಮ್ಮಗಗ ‘ಹಾಟ್ಯಾ, ಲಗೂ ಎದ್ದೇಳೋ’ ಅಂದ್ರ ಬೈಗುಳ ಅಂತ ಮೂರು ದಿನ ಬಾಯಿ ಕಟ್ಟಿದ್ಯಲ್ಲ? ನಮ್ಮ ಮನ್ಯಾಗ ಹಾಟ್ಯಾ ಅಂದ್ರನ ಹುಡುಗ್ರು ಏಳತಾವು. ‘ಪುತ್ರನೇ ಏಳು’ ಅಂದ್ರ ಜ್ವರ ಬಂತೇನಂತ ನನ್ನ ಹಣಿ ಮುಟ್ಟಿ ನೋಡತಾವು.”

“ನಮ್ಮ ಆಪಿನಾಗ ಸ್ವಚ್ಛ ಮಾತು ಮಾತ್ರ. ಅದು ನಮ್ಮ ನಿಯಮ.”

“ಅದಕ್ಕ ಸೋಮವಾರದಿಂದ ಪರ್ವೀನಳ ಪಡಸಾಲಿಗೆ ಹೊಂಟೇನಿ.”

ಬಾಳುವಿನ ಮುಖ ಕಪ್ಪಿಟ್ಟಿತು. ‘ಪಡಸಾಲಿ’ ಎಂಬುದು ಆರು ತಿಂಗಳ ಹಿಂದೆ ದಾಬೋಲಿಮ್‌ನಲ್ಲಿ ಪರ್ವೀನ ಎಂಬ ಹುಡುಗಿ ಹುಟ್ಟುಹಾಕಿದ ಇನ್ನೊಂದು ಆಪು. ಯಲ್ಲವ್ವ ಹೋದರೆ ಹನ್ನೊಂದು ಸಾವಿರ ಮಂದಿ ಅವಳ ಸೆರಗು ಹಿಡಿದು ಹೋಗುತ್ತಾರೆ. ಅವನು ಫುರ್ತಾದ್ ಕಡೆ ತಿರುಗಿ ಕೊಂಕಣಿಯಲ್ಲಿ ಹೇಳಿದ: “ತುಣುಕು ಕಳಿಸಿದವಳು ಆ ಪರ್ವೀನಳೇ. ನನ್ನನ್ನು ನಗೆಪಾಟಲು ಮಾಡಲು. ಇದು ವ್ಯಾಪಾರದ ಯುದ್ಧ, ಸರ್.”

ಅಂದು ಮಧ್ಯಾಹ್ನ ಗೀತಾಂಜಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆರು ಸೆಕೆಂಡಿನ ತುಣುಕನ್ನು ನಲವತ್ತು ಸಲ ಕೇಳಿದಳು. ಹಿನ್ನೆಲೆಯಲ್ಲಿ ರೊಟ್ಟಿ ಬಡಿಯುವ ಸದ್ದು: ಪಟ ಪಟ, ಪಟ ಪಟ, ಪಟ... ‘ಐತವಾರ’ ಮತ್ತು ‘ಬಾಳೂನ್ನ’ ನಡುವೆ ಒಂದು ಪೆಟ್ಟು ಕಾಣೆ. ಯಲ್ಲವ್ವನ ಕೈ ತಾಳ ತಪ್ಪುವ ಕೈಯಲ್ಲ. ಯಾರೋ ಅಲ್ಲಿ ಕತ್ತರಿ ಆಡಿಸಿದ್ದರು.

ನಲವತ್ತೊಂದನೆಯ ಸಲ ಇನ್ನೊಂದು ಸಿಕ್ಕಿತು. ‘ಮಾರ್ತೇನಿ’ ಎಂಬುದರ ಬೆನ್ನಿಗೇ, ಗಂಡಿನದೋ ಹೆಣ್ಣಿನದೋ ತಿಳಿಯದಷ್ಟು ಸಣ್ಣಗೆ, ತೀರ ಹತ್ತಿರದಿಂದ: “ಹೂಂ.”

ಗೀತಾಂಜಲಿ ತುಣುಕು ನಿಲ್ಲಿಸಿದಳು. ಕತೆ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಅಜ್ಜಿ ಕತೆ ನಿಲ್ಲಿಸುತ್ತಿದ್ದಳು, ‘ಮಲಗಿದ್ಯೇನ?’ ಎನ್ನುತ್ತಿದ್ದಳು. ಒಂದು ಫೋನಿನಲ್ಲಿ ಯಲ್ಲವ್ವನ ದನಿ ಹಚ್ಚಿ, ಇನ್ನೊಂದರಲ್ಲಿ ಅದನ್ನು ಹಿಡಿದುಕೊಳ್ಳುವಾಗ, ಕದಿಯುವವರೂ ರೂಢಿ ಬಿಡದೆ ಹೂಂಗುಟ್ಟಿದ್ದರು.

“ಸರ್, ಆರೋಪಿ ಅಜ್ಜಿ ಕೈಯಲ್ಲಿ ಬೆಳೆದವರು,” ಎಂದಳು.

“ಅದನ್ನು ಯಾವ ಕಾಲಂನಲ್ಲಿ ಬರೆಯಲಿ, ಬಾಯ್?” ಎಂದರು ಫುರ್ತಾದ್, ಕೊಂಕಣಿಯಲ್ಲಿ ತಂಗಿಯನ್ನು ಕರೆಯುವಂತೆ. ಆದರೂ ಜೀಪಿನ ಕೀಲಿ ಕೊಟ್ಟರು.

ಗುರುವಾರ 11.30, ದಾಬೋಲಿಮ್. ಪರ್ವೀನಳ ಕಚೇರಿ ಎಂದರೆ ಅವಳ ಅಪ್ಪನ ಮೊಬೈಲ್ ರಿಪೇರಿ ಅಂಗಡಿಯ ಅರ್ಧ ಮೇಜು.

“ನಿಮ್ಮಲ್ಲಿ ಮಾತು ಸೋಸೋರು ಯಾರು?”

“ಯಾರೂ ಇಲ್ರಿ. ಪಡಸಾಲ್ಯಾಗ ಯಾರ ಬೇಕಾದ್ರೂ ಕುಂಡ್ರಬಹುದು, ಏನ ಬೇಕಾದ್ರೂ ಅನ್ನಬಹುದು. ಬಾಳೂನಂಗ ನಾವು ಮಂದಿ ಬಾಯಿಗೆ ಚಿಲಕ ಹಾಕಂಗಿಲ್ಲ.”

“ಏನ ಬೇಕಾದ್ರೂ?”

“ಏನ ಬೇಕಾದ್ರೂ. ಮನ್ನೆ ಒಬ್ಬಾಂವ ‘ಪರ್ವೀನಳ ಲಗ್ನ ಗುಟ್ಟಿಲೆ ಆಗೇತಿ’ ಅಂತ ಹಾಕ್ಯಾನ. ನಮ್ಮ ಅಮ್ಮ ಇನ್ನಾ ನನ್ನ ಜೋಡಿ ಮಾತಾಡವಲ್ಲಳು.”

“ತಗದ್ರೇನು ಅದನ್ನ?”

“ತಗದ್ರ ಮಾತಿನ ಸ್ವಾತಂತ್ರ್ಯ ಎಲ್ಲಿ ಉಳೀತ್ರಿ?” ಎಂದಳು ಪರ್ವೀನ. ಆಮೇಲೆ ದನಿ ತಗ್ಗಿಸಿದಳು. “ಅದೊಂದ ತಗದೇನ್ರಿ. ಯಾರಿಗೂ ಹೇಳಬ್ಯಾಡ್ರಿ.”

ಗೀತಾಂಜಲಿ ಬಾಗಿಲ ಬಳಿ ನಿಂತು, ಏನೋ ನೆನಪಾದವಳಂತೆ ಹೇಳಿದಳು: “ಒಂದಾನೊಂದು ಊರಾಗ ಒಬ್ಬ ರಾಜ ಇದ್ದ.”

“ಯಾವ ಊರಾಗ್ರಿ? ಈ ಕೇಸಿನಾಗ ಅಂವಾ ಎಲ್ಲಿಂದ ಬಂದ?” ಎಂದಳು ಪರ್ವೀನ.

ಇವಳಲ್ಲ.

ಅದೇ ಸಂಜೆ ಬಾಳುವಿನ ಎದುರೂ ಅದೇ ಸಾಲು ಹೇಳಿ ನೋಡಿದಳು. ಅವನು “ಓಕೆ, ಓಕೆ” ಎಂದು ಗಡಿಯಾರ ನೋಡಿದ. ಇವನೂ ಅಲ್ಲ. ಯಲ್ಲವ್ವನ ಮೂಲ ಧ್ವನಿ ಮತ್ತು ಆಪಿನ ದಾಖಲೆ ಕೇಳಿದಾಗ ಮಾತ್ರ “ಕಂಪನಿಯ ಗುಟ್ಟು” ಎಂದು ಬಾಗಿಲು ಹಾಕಿದ. ನೋಟಿಸು ಹೋಗಿ, ಉತ್ತರ ಬರುವಷ್ಟರಲ್ಲಿ ಶನಿವಾರವಾಯಿತು.

ಅತ್ತ ಯಲ್ಲವ್ವನ ರೊಟ್ಟಿ ದಿನಕ್ಕೆ ಅರವತ್ತರಂತೆ ಉಳಿಯುತ್ತಿದ್ದವು. ಟಗರು ಮುದ್ದೆಮಾಲು, ಅಂದರೆ ಕೇಸಿನ ಪುರಾವೆ, ಎಂದು ದಾಖಲಾಗಿದ್ದರಿಂದ ಮಾರುವಂತಿರಲಿಲ್ಲ. ಉಳಿದ ರೊಟ್ಟಿ ಅದಕ್ಕೇ ಹೋಗಿ ಇನ್ನಷ್ಟು ಕೊಬ್ಬುತ್ತಿತ್ತು. ಶುಕ್ರವಾರ ಅವಳು ಠಾಣೆಯ ಗೇಟಿನ ತನಕ ಬಂದು, ಗೀತಾಂಜಲಿಯನ್ನು ಸುಮ್ಮನೆ ನೋಡಿ, ಗಂಟಲು ಮುಟ್ಟಿ ತೋರಿಸಿ ಹೋಗಿದ್ದಳು. ಅದು ಬೈಗುಳಕ್ಕಿಂತ ಹೆಚ್ಚು ತಾಗಿತ್ತು.

ಫೆಬ್ರವರಿ 9, ಭಾನುವಾರ, ಮಧ್ಯಾಹ್ನ 2.10. ದಾಖಲೆ ಮೇಜಿನ ಮೇಲಿತ್ತು. ಗೀತಾಂಜಲಿ ಮೊದಲು ಮೂಲ ಧ್ವನಿ ಕೇಳಿಸಿದಳು: “ಐತವಾರ ಟಗರು ಬಾಳೂನ್ನ ಮಾರ್ತೇನಿ. ಮಾರಿ ಬಂದು ಬುಟ್ಯಾಗ ಏನಿತ್ತು ಹೇಳತೇನಿ. ಸೋಮವಾರದಿಂದ ಎಲ್ಲಾರೂ ಪಡಸಾಲಿಗೆ ಬರ್ರಿ.” ತಾಳದಲ್ಲಿ ಕಾಣೆಯಾಗಿದ್ದ ಪೆಟ್ಟು ‘ಟಗರು’ ಎಂಬ ಮಾತಿನಡಿ ಇತ್ತು.

“ಧ್ವನಿ ಆಪಿಗೆ ಬಂದದ್ದು ಮಂಗಳವಾರ 6.41ಕ್ಕೆ,” ಎಂದಳು. “ತುಣುಕು ಬಾಳುಗೆ ಬಂದದ್ದು 6.58ಕ್ಕೆ. ಆದರೆ ಸರ್, ಈ ಮಾತು ಹೊರಗೆ ಬಿಡುಗಡೆಯೇ ಆಗಿಲ್ಲ. ಹರಟಿಕಟ್ಟಿಯಲ್ಲಿ ಯಾರು ಏನೇ ಹೇಳಿದರೂ ಮೊದಲು ಒಬ್ಬರು ಕೇಳಿ ಪಾಸ್ ಮಾಡಬೇಕು. ಹನ್ನೊಂದು ಸಾವಿರದಲ್ಲಿ ಒಬ್ಬರೂ ಇದನ್ನು ಕೇಳಿಲ್ಲ.”

“ಹಾಗಾದರೆ ಕೇಳಿದವರು?”

“ಒಬ್ಬರೇ. ಅಗಸಿಯ ಕಾವಲುಗಾರ.”

ಫುರ್ತಾದ್ ಟೋಪಿ ತೆಗೆದುಕೊಂಡರು.

ಹರಟಿಕಟ್ಟಿಯ ಕನ್ನಡ ಮಾತುಗಳನ್ನು ಸೋಸುವವನು ಕಂಠೆಪ್ಪ, ವಯಸ್ಸು ನಲವತ್ನಾಲ್ಕು. ಮೂಲ ಮುಧೋಳ ಕಡೆ. ಇಪ್ಪತ್ತು ವರ್ಷ ಬಂದರಿನಲ್ಲಿ ಮೂಟೆ ಹೊತ್ತು, ಬೆನ್ನು ಹೋದ ಮೇಲೆ ಕಿವಿಯ ಕೆಲಸ ಹಿಡಿದವನು. ಕನ್ನಡ ಬಾಯಲ್ಲಿತ್ತು, ಕೊಂಕಣಿ ಬಂದರಿನಲ್ಲಿ ಕಲಿತಿದ್ದ. ‘ಮಾರ್ತೇನಿ’ ಎಂಬ ಮಾತು ಬಾಳುವಿನ ಕಿವಿಯಲ್ಲಿ ಏನಾಗುತ್ತದೆಂದು ಬಲ್ಲವನು ಅವನೊಬ್ಬನೇ.

3.25ಕ್ಕೆ ಅವನ ಕೋಣೆಯ ಬಾಗಿಲು ತಟ್ಟಿದರು. ಒಂದು ಚಾಪೆ, ಒಂದು ಲ್ಯಾಪ್‌ಟಾಪು, ಕಿವಿಗೆ ದೊಡ್ಡ ಹೆಡ್‌ಫೋನು. ಪೊಲೀಸರನ್ನು ಕಂಡು ಅದನ್ನು ಕೊರಳಿಗೆ ಇಳಿಸಿದ.

“ಮಂಗಳವಾರ ಮುಂಜಾನೆ ಎಲ್ಲಿದ್ರಿ?” ಎಂದರು ಫುರ್ತಾದ್, ಕೊಂಕಣಿಯಲ್ಲಿ.

“ಇಲ್ಲೇ ಇದ್ನಿರಿ. ಕೆಲಸದಾಗ.”

“ಯಲ್ಲವ್ವಂದು ಧ್ವನಿ ಕೇಳಿದ್ರೇನು?”

“ದಿನಕ್ಕ ಎಂಟನೂರು ಬರತಾವ್ರಿ. ಎಲ್ಲಿ ನೆನಪಿರತೈತಿ.”

ಇನ್‌ಸ್ಪೆಕ್ಟರ್ ಮುಂದಿನ ಪ್ರಶ್ನೆಗೆ ಬಾಯಿ ತೆರೆದರು. ಗೀತಾಂಜಲಿ ಕೈ ಅಡ್ಡ ಹಿಡಿದು, ಚಾಪೆಯ ತುದಿಯಲ್ಲಿ ಕೂತಳು. ಅಜ್ಜಿಯ ದನಿ ತಂದುಕೊಂಡು ನಿಧಾನವಾಗಿ ಶುರು ಮಾಡಿದಳು:

“ಒಂದಾನೊಂದು ಊರಾಗ ಒಬ್ಬ ರಾಜ ಇದ್ದ.”

“ಹೂಂ,” ಎಂದ ಕಂಠೆಪ್ಪ.

ಗೀತಾಂಜಲಿ ಇನ್‌ಸ್ಪೆಕ್ಟರ್ ಕಡೆ ನೋಡಿದಳು. ಅವನಿಗೂ ತಿಳಿಯಿತು. ಹೆಡ್‌ಫೋನನ್ನು ಪೂರ್ತಿ ತೆಗೆದು, ವೈರು ಸುತ್ತಿ, ಚಾಪೆಯ ಮೇಲೆ ಇಟ್ಟ.

“ಪೊಲೀಸರ ತನಕ ಹೋಗತೈತಿ ಅಂತ ತಿಳಿಲಿಲ್ರಿ,” ಎಂದ. “ಬಾಳು ಸಾಹೇಬ್ರು ಅಂಜಿ ಅಕೀ ಖಾತಿಗೆ ನಾಕ ದಿನ ಬೀಗ ಹಾಕತಾರ, ಬೆದರಿಕಿ ಹಾಕಿದಾಕಿ ಅಂತ ಹೆಸರಾದ್ರ ಪಡಸಾಲ್ಯಾಗ ಕರಕೊಳ್ಳಂಗಿಲ್ಲ, ಆಮ್ಯಾಲ ನಾನ ತಪ್ಪಾಗೇತಿ ಅಂತ ಹೇಳಿ ಬೀಗ ತಗಸ್ತೇನಿ ಅನಕೊಂಡಿದ್ದೆ.”

“ಪಡಸಾಲಿ ಯಾರನ್ನೂ ಬ್ಯಾಡ ಅನ್ನಂಗಿಲ್ಲೋ ಮಾರಾಯಾ. ಅದ ಅವರ ಜಂಬ. ನೀನೂ ಅದನ್ನ ಇಳಿಸ್ಕೊಂಡು ಅಲ್ಲೇ ಕತಿ ಕೇಳಬಹುದಿತ್ತಲ್ಲ?” ಎಂದಳು ಗೀತಾಂಜಲಿ.

ಕಂಠೆಪ್ಪ ತಲೆಯಾಡಿಸಿದ. “ಎಲ್ಲಾರ ಜೋಡಿ ಕೇಳೂದು ಬ್ಯಾರೆರಿ. ಮುಂಜಾನಿಯಿಂದ ಸಂಜೀತನಾ ಮಂದೀ ಬೈಗುಳ ಕೇಳತೇನಿ. ಅವ್ಯಾವೂ ನನಗ ಬೈದದ್ದಲ್ಲ, ಆದ್ರ ಎಲ್ಲಾ ನನ್ನ ಕಿವ್ಯಾಗ ಬೀಳತಾವು. ಅಕಿ ಒಬ್ಬಾಕಿ ಕತಿ ಹೇಳಾಕಿ. ಊರೆಲ್ಲಾ ಕೇಳೂಕಿಂತ ಮೊದಲು ಹತ್ತು ನಿಮಿಷ ಆ ಕತಿ ನಂದೊಬ್ಬಂದ. ನಾ ಒಬ್ಬಾಂವ ಹೂಂ ಅಂತಿದ್ದೆ.”

ಸಂಜೆ 4.10ಕ್ಕೆ, ಖೊಟ್ಟಿ ಪುರಾವೆ ಸೃಷ್ಟಿಸಿದ ಆರೋಪದ ಮೇಲೆ ಅವನನ್ನು ದಸ್ತಗಿರಿ ಮಾಡಲಾಯಿತು. ಜಾಮೀನು ಸಿಗುವ ಅಪರಾಧ. ಆದರೆ ಜಾಮೀನಿಗೆ ಯಾರಿದ್ದಾರೆ ಎಂದು ಕೇಳಿದಾಗ ಕಂಠೆಪ್ಪ ಬಹಳ ಯೋಚಿಸಿ, ಯಾರ ಹೆಸರನ್ನೂ ಹೇಳಲಿಲ್ಲ.

5.00ಕ್ಕೆ ಯಲ್ಲವ್ವನ ಕೈಗೆ ಫೋನು ಬಂತು. ಬಾಳು ಅಲ್ಲೇ ನಿಂತು ಖಾತೆಯ ಬೀಗ ತೆಗೆದ. ನಡೆದದ್ದನ್ನೆಲ್ಲ ಕೇಳಿದ ಯಲ್ಲವ್ವ, ಠಾಣೆಯ ಬೆಂಚಿನ ಮೇಲೆ ಕೂತ ಕಂಠೆಪ್ಪನ ಎದುರು ಹೋಗಿ ಸೊಂಟದ ಮೇಲೆ ಕೈ ಇಟ್ಟಳು.

“ನೀನೇನೋ ಅಂವಾ? ಹಾಟ್ಯಾ! ನಿನ್ನ ಬಾಯಾಗ ಹುಳಾ ಬೀಳಲಿ! ಐದು ದಿನ ಕತಿ ಗಂಟಲಾಗ ಇಟಗೊಂಡು ಸತ್ತೆ ನಾ! ನಿನ್ನ ಕಿವಿ ಕಿತ್ತು ಟಗರಿಗೆ ಹಾಕ್ಲಿ!”

ಬಾಳು ರೂಢಿಯಂತೆ ಕೈ ಎತ್ತಿದ. ಆ ಬೈಗುಳದಲ್ಲಿ ಎಷ್ಟು ನಿಯಮ ಮುರಿದವೋ ಅವನಿಗೆ ಲೆಕ್ಕ ಸಿಗಲಿಲ್ಲ. ಕಂಠೆಪ್ಪ ಮಾತ್ರ ತಲೆ ತಗ್ಗಿಸಿ ಕೇಳುತ್ತಿದ್ದ. ಎಷ್ಟೋ ವರ್ಷದ ಮೇಲೆ ಅವನಿಗೇ ಎಂದು ಬಂದ ಬೈಗುಳ ಅದು.

ಆಮೇಲೆ ಯಲ್ಲವ್ವ ಅಂಗಳಕ್ಕೆ ಹೋಗಿ, ಬಾದಾಮಿ ಗಿಡದಡಿ ಕೂತು, ಫೋನಿಗೆ ಕತೆಯ ಕೊನೆ ಹೇಳಿ ಬಂದಳು. ಬಡಿಯಲು ಹಿಟ್ಟು ಇರಲಿಲ್ಲವಾದ್ದರಿಂದ ತೊಡೆಯ ಮೇಲೆ ತಾಳ ಹಾಕಿದಳು. ಕಳಿಸುವ ಗುಂಡಿ ಒತ್ತಿದಳು. ಕಾದರು. ಏನೂ ಆಗಲಿಲ್ಲ.

ಬಾಳು ತನ್ನ ಫೋನು ನೋಡಿ ಬೆವರಿದ.

“ಮೇಡಂ,” ಎಂದ, “ಸಾಲಿನಲ್ಲಿ ಇನ್ನೂರ ಹದಿನೇಳು ಕನ್ನಡ ಮಾತು ನಿಂತಿವೆ. ಪಾಸ್ ಮಾಡುವವನು ನಿಮ್ಮ ಬೆಂಚಿನ ಮೇಲಿದ್ದಾನೆ.”

“ನೀವೇ ಪಾಸ್ ಮಾಡ್ರಿ.”

“ನಾನಾ? ಕನ್ನಡಾ?” ಬಾಳು ಯಲ್ಲವ್ವ ತಂದು ಕಿಟಕಿಯಾಚೆ ಕಟ್ಟಿದ್ದ ಟಗರಿನ ಕಡೆ ನೋಡಿದ. ಟಗರೂ ಅವನನ್ನು ನೋಡಿತು. “ಬೇಡ ಮೇಡಂ. ಮತ್ತೆ ಬೇಡ.”

ಹೊತ್ತು ಕಡಲಿನ ಕಡೆ ಇಳಿಯುತ್ತಿತ್ತು. ಗೀತಾಂಜಲಿ ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. ಫುರ್ತಾದ್ ಕಡತ ಎಳೆದುಕೊಂಡು ಹೇಳಿದರು: “ಇಬ್ಬರು ಪಂಚರನ್ನು ಕರೆ, ಬಾಯ್. ಎಲ್ಲ ಕಾಗದದಲ್ಲಿ ಬರಲಿ.”

ಹೀಗೆ, ಪಂಚರ ಸಮಕ್ಷಮ, ಜಪ್ತಿಯಾದ ಲ್ಯಾಪ್‌ಟಾಪನ್ನು ಆರೋಪಿಯ ತೊಡೆಯ ಮೇಲೆ ಇಡಲಾಯಿತು. ಕಂಠೆಪ್ಪ ಹೆಡ್‌ಫೋನು ಹುಡುಕಿದ. ಗೀತಾಂಜಲಿ ಕೊಡಲಿಲ್ಲ. “ಜೋರಾಗೇ ಹಚ್ಚು. ಈ ಸಲ ಎಲ್ಲಾರೂ ಕೇಳೂಣು.”

ಯಲ್ಲವ್ವನ ದನಿ ಠಾಣೆಯ ತುಂಬ ಹರಡಿತು.

“...ಕಾವಲುಗಾರ ಮುಚ್ಚಳಕ್ಕ ಕೈ ಹಾಕಿದ.”

“ಹೂಂ,” ಎಂದ ಕಂಠೆಪ್ಪ.

“ತಗದು ನೋಡಿದ್ರ ಒಂದ ಒಂದು ಮಾತು. ಸಣ್ಣದು. ‘ಇದು ಯಾರಿಗೆ ಒಯ್ಯಾಕತ್ತಿ, ರಾಜಗೋ ರಾಣಿಗೋ?’ ಅಂದ.”

“ಹೂಂ.”

“ಮುದುಕಿ ಅಂದ್ಲು, ‘ಹನ್ನೆರಡು ವರ್ಷ ಮಂದಿ ಮಾತು ಒಳಗ ಬಿಟ್ಟಿ. ನಿನಗಂತ ಒಂದಾದ್ರೂ ಬಂತೇನು? ಇದು ನಿನಗ ತಂದೇನೋ ಯಪ್ಪಾ, ತಗೋ.’ ಬುಟ್ಯಾಗಿದ್ದ ಮಾತು ಏನು ಗೊತ್ತೈತೇನು? ‘ಉಂಡಿಯೇನಪಾ?’”

ಕಂಠೆಪ್ಪ ಹೂಂ ಅನ್ನಲಿಲ್ಲ.

“ಹೂಂ ಅನ್ನೋ, ಮಲಗಿದ್ಯೇನ?” ಎಂದಳು ಯಲ್ಲವ್ವ, ಬೆಂಚಿನ ಇನ್ನೊಂದು ತುದಿಯಿಂದ. ಅವಳ ಕೈಯಲ್ಲಿ ಜಾಮೀನು ಕಾಗದವಿತ್ತು. ಹೆಬ್ಬೆರಳಿಗೆ ಆಗಲೇ ಮಸಿ ಹತ್ತಿತ್ತು. ಬುಟ್ಟಿಯಿಂದ ಎರಡು ರೊಟ್ಟಿ ತೆಗೆದು ಅವನತ್ತ ಸರಿಸಿದಳು.

ಕತೆಯ ಆ ಕೊನೆ ಅವಳು ಮೊದಲೇ ಯೋಚಿಸಿದ್ದೋ, ಬಾದಾಮಿ ಗಿಡದಡಿ ಹೊಳೆದದ್ದೋ, ಗೀತಾಂಜಲಿ ಕೇಳಲಿಲ್ಲ. ತನಿಖೆಗೆ ಅದು ಬೇಕಿರಲಿಲ್ಲ.

“ಹೂಂ,” ಎಂದ ಕಂಠೆಪ್ಪ, 6.12ಕ್ಕೆ, ಹೊತ್ತು ಮುಳುಗುವುದಕ್ಕೆ ಸ್ವಲ್ಪ ಮುಂಚೆ. ಮತ್ತು ಮಾತನ್ನು ಒಳಗೆ ಬಿಟ್ಟ.